ಘಟ್ಟ ಇಳಿಯುವ ಮೊದಲು

ಶೃಂಗೇರಿ ತಾಲ್ಲೂಕಿನ ಬೇಗಾರಿನಂಥ ಊರಿನ ಒಂದು ತೋಟದ ಮನೆಯಲ್ಲಿ ರಾತ್ರಿ ಯಾರಿಗೋ ಎದೆನೋವು ಬಂತೆನ್ನಿ. ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, ‘ಗ್ಯಾಸ್ಟ್ರಿಕ್ ಇರಬೇಕು’. ಓಮದ ಕಷಾಯ ಆಗುತ್ತದೆ, ಎದೆಗೆ ಎಣ್ಣೆ ತಿಕ್ಕಿದ್ದಾಗುತ್ತದೆ, ಸ್ವಲ್ಪ ಹೊತ್ತು ನೋಡುವ ಅಂತ ಕೂರುತ್ತಾರೆ. ನೋವು ನಿಲ್ಲದೆ ಮೈಯೆಲ್ಲ ತಣ್ಣನೆ ಬೆವೆತಾಗ ಎರಡನೆಯ ಮಾತು ಬರುತ್ತದೆ: ‘ಮಣಿಪಾಲಕ್ಕೇ ಹೋಗಿಬಿಡುವ’. ಜೀಪು ಹೊರಡುತ್ತದೆ, ಆಗುಂಬೆ ಘಾಟಿಯ 14 ತಿರುವು ಇಳಿಯುತ್ತದೆ.

ಮೊದಲನೆಯ ಮಾತಿನಿಂದ ಎಷ್ಟು ಜೀವ ಹೋಗಿವೆ ಎಂಬುದು ಈಗ ಅನೇಕರಿಗೆ ಗೊತ್ತಿದೆ. ಎರಡನೆಯ ಮಾತಿನಲ್ಲೂ ಅಪಾಯವಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕು.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಇಡೀ ಮೈಗೆ ರಕ್ತ ಕಳಿಸುವ ಆ ಸ್ನಾಯುವಿಗೂ ರಕ್ತ ಬೇಕಲ್ಲ, ಅದನ್ನು ಒದಗಿಸುವುದು ಅದರ ಮೇಲೆಯೇ ಹಬ್ಬಿರುವ ಕರೊನರಿ ಎಂಬ ರಕ್ತನಾಳಗಳು. ಮುಖ್ಯವಾದವೂ ಮೂರ್ನಾಲ್ಕು ಮಿಲಿಮೀಟರ್ ಅಗಲ, ಅಷ್ಟೆ. ನಮ್ಮ ಮನೆಗಳಿಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದಲ್ಲ, ಅದರೊಳಗೆ ಕೆಸರು ಕಟ್ಟಿದ ಹಾಗೆ ರಕ್ತನಾಳದೊಳಗೆ ಕೊಬ್ಬು ಕಟ್ಟುತ್ತದೆ ಅಂತ ವಿವರಿಸುವುದುಂಟು. ಆದರೆ ಅದು ಅರ್ಧ ಮಾತ್ರ ಸರಿ. ಕೊಬ್ಬು ಸೇರುವುದು ರಕ್ತನಾಳದ ಗೋಡೆಯ ಒಳಪದರದೊಳಗೆ. ಅದರ ಮೇಲಿನ ತೆಳುವಾದ ಪೊರೆ ಒಂದು ದಿನ ಬಿರಿಯುತ್ತದೆ. ಮೈಯ ಲೆಕ್ಕದಲ್ಲಿ ಅದೊಂದು ಗಾಯ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಬೇಕು, ಕಟ್ಟುತ್ತದೆ. ಆ ಹೆಪ್ಪು ನಿಮಿಷಗಳಲ್ಲೇ ದಾರಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ‘ನಿನ್ನೆ ತಾನೇ ಗುಡ್ಡ ಹತ್ತಿ ಸೊಪ್ಪು ಹೊತ್ತು ತಂದಿದ್ದರಲ್ಲ, ಏನೂ ಇರಲಿಲ್ಲವಲ್ಲ’ ಎಂದು ಸಾವಿನ ಮನೆಯಲ್ಲಿ ಆಶ್ಚರ್ಯಪಡುತ್ತಾರೆ. ನಿನ್ನೆ ಆ ನಾಳ ಅರ್ಧದಷ್ಟೂ ಕಟ್ಟಿರಲಿಕ್ಕಿಲ್ಲ.

ದಾರಿ ಮುಚ್ಚಿದ ಮೇಲೆ ಆ ಭಾಗದ ಸ್ನಾಯು ಸುಮಾರು ಅರ್ಧ ಗಂಟೆಯಿಂದಲೇ ಸಾಯತೊಡಗುತ್ತದೆ. ಒಮ್ಮೆಗೇ ಎಲ್ಲ ಸಾಯುವುದಿಲ್ಲ, ಗಂಟೆ ಗಂಟೆಗೂ ಅಷ್ಟಿಷ್ಟು. ಸತ್ತ ಹೃದಯಸ್ನಾಯು ಮತ್ತೆ ಚಿಗುರುವುದಿಲ್ಲ. ಇಲ್ಲಿ ಚಿಕಿತ್ಸೆ ಅಂದರೆ ಮುಚ್ಚಿದ ದಾರಿಯನ್ನು ಬೇಗ ತೆರೆಯುವುದು. ಅದಕ್ಕೆ ಎರಡು ವಿಧಾನ ಇವೆ. ಒಂದು ಆಂಜಿಯೋಪ್ಲಾಸ್ಟಿ: ಕೈಯಿಂದಲೋ ತೊಡೆಯಿಂದಲೋ ಸಣ್ಣ ನಳಿಕೆ ತೂರಿಸಿ, ಬಲೂನು ಉಬ್ಬಿಸಿ, ಸ್ಟೆಂಟ್ ಕೂರಿಸುವುದು. ಹೊತ್ತಿಗೆ ಸರಿಯಾಗಿ ಸಿಕ್ಕರೆ ಅದೇ ಉತ್ತಮ. ಇನ್ನೊಂದು, ಹೆಪ್ಪು ಕರಗಿಸುವ ಇಂಜೆಕ್ಷನ್. ಟೆನೆಕ್ಟೆಪ್ಲೇಸ್ ಎಂಬ ಔಷಧವನ್ನು ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ನರಕ್ಕೆ ಕೊಡುತ್ತಾರೆ, ಕೆಲವೇ ಸೆಕೆಂಡಿನ ಕೆಲಸ.

ವೈದ್ಯರು ಇಟ್ಟುಕೊಂಡ ಒಂದು ಲೆಕ್ಕ ನಮ್ಮ ಕಡೆಯವರಿಗೆಂದೇ ಮಾಡಿದ ಹಾಗಿದೆ. ಇಸಿಜಿಯಲ್ಲಿ ದೊಡ್ಡ ಹೃದಯಾಘಾತ ಕಂಡಾಗಿನಿಂದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅಲ್ಲಿಗೆ ಕಳಿಸಬೇಕು. ಆಗದು ಎಂದಾದರೆ ಇದ್ದಲ್ಲಿಯೇ ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ನೋವು ಶುರುವಾಗಿ 12 ಗಂಟೆಯವರೆಗೂ ಇಂಜೆಕ್ಷನ್ ಕೊಡುತ್ತಾರಾದರೂ ಮೊದಲ 3 ಗಂಟೆಯೊಳಗೆ ಸಿಕ್ಕಿದ್ದಕ್ಕೆ ಬೆಲೆ ಹೆಚ್ಚು. ಈಗ ನಕ್ಷೆ ನೋಡಿ. ಶೃಂಗೇರಿಯಿಂದ ಮಣಿಪಾಲ ಆಗುಂಬೆ ಮೇಲಾಗಿ 80 ಕಿ.ಮೀ. ಆಸುಪಾಸು. ಕೆರೆಕಟ್ಟೆ, ಕಾರ್ಕಳದ ಮೇಲೆ ಮಂಗಳೂರು 100 ಕಿ.ಮೀ. ದಾಟುತ್ತದೆ. ಶಿವಮೊಗ್ಗವೂ ಹತ್ತಿರಹತ್ತಿರ ಅಷ್ಟೇ. ಒಂಟಿ ಮನೆಯಿಂದ ಕಾಲುಸಂಕ ದಾಟಿ ಜೀಪಿನ ತನಕ ರೋಗಿಯನ್ನು ತರುವ ಹೊತ್ತು ಈ ಲೆಕ್ಕದಲ್ಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದರೆ, ಧರೆ ಕುಸಿದರೆ, ಮೊಬೈಲಿಗೆ ಸಿಗ್ನಲ್ ಇಲ್ಲದಿದ್ದರೆ ಅದೂ ಬೇರೆ. ಆಸ್ಪತ್ರೆ ತಲುಪಿದ ಮೇಲೂ ನಾಳ ತೆರೆಯಲು ಹೊತ್ತು ಬೇಕು. 120 ನಿಮಿಷ ನಮಗೆ ಸಾಲುವುದಿಲ್ಲ.

ಹಾಗಾಗಿ ನಾನು ಒತ್ತಿ ಹೇಳುವುದು ಇದನ್ನೇ: ಘಟ್ಟ ಇಳಿಯುವ ಮೊದಲು ಇಸಿಜಿ ಆಗಬೇಕು. ಎದೆಗೆ ಆರು, ಕೈಕಾಲಿಗೆ ನಾಲ್ಕು, ಹೀಗೆ ಹತ್ತು ತಂತಿ ಅಂಟಿಸಿ ತೆಗೆಯುವ ಆ ಚೌಕಳಿ ಕಾಗದಕ್ಕೆ ಐದು ನಿಮಿಷ ಸಾಕು. ಗೆರೆಯ ಒಂದು ತುಂಡು ಇರಬೇಕಾದ ಮಟ್ಟಕ್ಕಿಂತ ಮೇಲೆದ್ದು ನಿಂತಿದ್ದರೆ ವೈದ್ಯರಿಗೆ ಆ ಕ್ಷಣವೇ ವಿಷಯ ತಿಳಿಯುತ್ತದೆ. ಆದರೆ ಇಸಿಜಿ ಒಮ್ಮೆ ಸರಿ ಬಂದ ಮಾತ್ರಕ್ಕೆ ಮನೆಗೆ ಹೊರಡಬೇಡಿ. ಶುರುವಿನಲ್ಲಿ ಅದು ಸರಿಯಾಗಿಯೇ ಇರಬಹುದು. ನೋವು ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ಆಗಬೇಕು.

‘ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ’ ಎಂದು ಕೇಳುವವರ ಬೇಸರ ಅರ್ಥವಾಗುತ್ತದೆ. ಶೃಂಗೇರಿಗೆ 100 ಹಾಸಿಗೆಯ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ, ನ್ಯಾಯವಾದ ಹೋರಾಟ. ಆದರೂ ಕೆಲವು ಸಂಗತಿ ಬದಲಾಗಿವೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೂಡಲೇ ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ. ಅವರು ಹೇಳಿದರೆ ಟೆನೆಕ್ಟೆಪ್ಲೇಸನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಔಷಧ ಅದು. ಇದಕ್ಕೂ ಮೊದಲೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕೆಲಸ ಶುರುಮಾಡಿದ್ದರು. ಕರಾವಳಿ, ಮಲೆನಾಡಿನ ಹಳ್ಳಿ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೇರಿಸಿಕೊಂಡು, ದಾನಿಗಳ ನೆರವಿನಿಂದ ಸಣ್ಣ ಊರುಗಳಿಗೆ ಇಸಿಜಿ ಯಂತ್ರ ಒದಗಿಸಿದರು. ಹಳ್ಳಿಯಲ್ಲಿ ತೆಗೆದ ಇಸಿಜಿಯ ಫೋಟೋ ತಜ್ಞರ ಕೈಗೆ ನಿಮಿಷಗಳಲ್ಲಿ ಸೇರಬಹುದು ಎಂದು ಅವರು ಮಾಡಿ ತೋರಿಸಿದ್ದು ದೊಡ್ಡ ಉಪಕಾರ.

ನೀವು ಮಾಡಬೇಕಾದ್ದು ಇಷ್ಟು. ಎಲ್ಲರೂ ಆರೋಗ್ಯವಾಗಿರುವಾಗಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ: ಇಸಿಜಿ ರಾತ್ರಿಯೂ ತೆಗೆಯುತ್ತಾರಾ? ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯಾ? ಇಲ್ಲ ಎಂದಾದರೆ ಗ್ರಾಮಸಭೆಯಲ್ಲಿ ಕೇಳಿ, ಬರೆದು ಕೊಡಿ. ಎದೆಯ ನಡುವೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ನೋವು ಹತ್ತು ಹದಿನೈದು ನಿಮಿಷ ಮೀರಿದರೆ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಜೀಪು ಬೇಗ ಸಿಗುತ್ತದೆಂದಾದರೆ ಜೀಪಿನಲ್ಲೇ ಹೊರಡಿ. ರೋಗಿ ತಾನೇ ಗಾಡಿ ಓಡಿಸುವುದು ಬೇಡ, ಗದ್ದೆ ಬದುವಿನ ಮೇಲೆ ನಡೆಸಿಕೊಂಡು ಹೋಗುವುದೂ ಬೇಡ. ಎತ್ತಿಕೊಂಡು ಬನ್ನಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಂಥ ತೊಂದರೆ ಇಲ್ಲದವರಿಗೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. ಸಾಧ್ಯವಿದ್ದರೆ ವೈದ್ಯರನ್ನು ಫೋನಿನಲ್ಲಿ ಕೇಳಿಯೇ ಕೊಡಿ. ನಾಲಿಗೆ ಕೆಳಗಿಡುವ ಮಾತ್ರೆ ಬಿಪಿಯನ್ನು ದಿಢೀರನೆ ಇಳಿಸಬಲ್ಲದು. ಅದನ್ನು ಪಕ್ಕದ ಮನೆಯಿಂದ ಸಾಲ ತಂದು ಕೊಡಬೇಡಿ.

ಹೆಂಗಸರ ವಿಷಯ ಬೇರೆಯಾಗಿ ಹೇಳಲೇಬೇಕು. ಅವರಿಗೂ, ಸಕ್ಕರೆ ಕಾಯಿಲೆಯವರಿಗೂ ಎದೆನೋವು ಅಷ್ಟಾಗಿ ಕಾಣದೆ ಬರೀ ಉಬ್ಬಸ, ವಾಕರಿಕೆ, ತೀರದ ಸುಸ್ತು, ಬೆವರು ಬರಬಹುದು. ಅದರ ಮೇಲೆ, ನಮ್ಮ ಮನೆಗಳ ಅಮ್ಮ, ಅತ್ತೆಯರು ಕೊಟ್ಟಿಗೆ ಕೆಲಸ, ಅಡುಗೆ, ಊಟ ಎಲ್ಲ ಮುಗಿದ ಮೇಲೆ ಹೇಳಿದರಾಯಿತು ಎಂದು ತಡೆದುಕೊಳ್ಳುತ್ತಾರೆ. ಅವರ ಮುಖ ಬಿಳಿಚಿದ್ದನ್ನು ಬೇರೆಯವರು ನೋಡಿ ಹೇಳಬೇಕು.

ಇನ್ನು ಬದುಕಿ ಬಂದವರ ಮಾತು. ಸ್ಟೆಂಟ್ ಹಾಕಿಸಿಕೊಂಡು ಬಂದವರು, ಬೈಪಾಸ್ ಆದವರು ಈಗ ಊರೂರಲ್ಲೂ ಇದ್ದಾರೆ. ಅವರಿಗೆ ಬಂದಿದ್ದ ತಡೆ ತೆರೆದಿದೆ, ಕಾಯಿಲೆ ಹೋಗಿಲ್ಲ. ಸ್ಟೆಂಟ್ ಲೋಹದ ಬಲೆ, ಮೈಗೆ ಹೊರಗಿನದು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ‘ಈಗ ಆರಾಮ, ಮಾತ್ರೆ ಜಾಸ್ತಿ ತಿಂದರೆ ಕಿಡ್ನಿ ಹಾಳು’ ಎಂದು ಮೂರನೇ ತಿಂಗಳಿಗೆ ಬಿಟ್ಟವರ ಸ್ಟೆಂಟ್ ಒಂದೇ ದಿನದಲ್ಲಿ ಮುಚ್ಚಿಕೊಳ್ಳಬಹುದು. ಹಲ್ಲು ಕೀಳಿಸುವುದಕ್ಕೂ ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ವೈದ್ಯರನ್ನು ಕೇಳಿ. ಕೊಬ್ಬಿನ ಮಾತ್ರೆ ಎಂದು ಕರೆಯುವ ಸ್ಟ್ಯಾಟಿನ್ ರಕ್ತನಾಳದ ಗೋಡೆಯ ಆ ತೆಳು ಪೊರೆಯನ್ನು ಗಟ್ಟಿಮಾಡುತ್ತದೆ. ರಿಪೋರ್ಟಿನಲ್ಲಿ ಕೊಲೆಸ್ಟರಾಲ್ ಇಳಿದಿದ್ದು ಮಾತ್ರೆಯ ಕೆಲಸ, ಮಾತ್ರೆ ಬೇಡ ಎನ್ನುವುದಕ್ಕೆ ಸಾಕ್ಷಿಯಲ್ಲ.

ಮಳೆಗಾಲಕ್ಕೆ ನಾವು ಕಟ್ಟಿಗೆ ಒಟ್ಟುತ್ತೇವೆ, ಅಕ್ಕಿ ತುಂಬುತ್ತೇವೆ, ಹಪ್ಪಳ ಸಂಡಿಗೆ ಡಬ್ಬಿಗೆ ಸೇರಿಸುತ್ತೇವೆ. ಆ ಸಾಮಾನಿನಲ್ಲಿ ಎರಡು ತಿಂಗಳ ಮಾತ್ರೆಯೂ ಇರಲಿ. ಜನೌಷಧಿ ಕೇಂದ್ರದಲ್ಲಿ ಇವುಗಳಲ್ಲಿ ಹೆಚ್ಚಿನವು ಕಡಿಮೆ ದರಕ್ಕೆ ಸಿಗುತ್ತವೆ. ಡಬ್ಬಿಯ ಮುಚ್ಚಳದೊಳಗೆ ಮಾತ್ರೆಗಳ ಹೆಸರು, ಹೊತ್ತು ಬರೆದ ಚೀಟಿ, ಕೊನೆಯ ಇಸಿಜಿಯ ಪ್ರತಿ ಇರಲಿ. ಮುಂದೆ ಹೊಸ ವೈದ್ಯರ ಕೈಗೆ ಹೋದಾಗ ಹಳೆಯ ಇಸಿಜಿ ಒಂದು ಸಿಕ್ಕರೆ ಅವರಿಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಊಟದಲ್ಲಿ ನಮ್ಮ ಕಡೆಯ ದೊಡ್ಡ ತೊಡಕು ಉಪ್ಪು, ಅದರಲ್ಲೂ ಮಳೆಗಾಲದ ಉಪ್ಪು. ತರಕಾರಿ ಇಲ್ಲದ ಆ ತಿಂಗಳುಗಳಲ್ಲಿ ಉಪ್ಪುಸೊಳೆ ಪಲ್ಯ, ಅಪ್ಪೆಮಿಡಿ, ಬಾಳಕದ ಮೆಣಸು, ಹಲಸಿನ ಹಪ್ಪಳ. ಎಲ್ಲವೂ ಉಪ್ಪಿನಿಂದಲೇ ಕೆಡದೆ ಉಳಿದವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಟೀ ಚಮಚದಷ್ಟು, ಸಾರು ಪಲ್ಯ ಎಲ್ಲ ಸೇರಿ. ಅಪ್ಪೆಮಿಡಿಯ ರುಚಿ ಕಂಡವರಿಗೆ ಅದನ್ನು ಬಿಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ, ಹಬ್ಬಕ್ಕೆ ಒಂದು ಚೂರು ಇರಲಿ. ಉಪ್ಪುಸೊಳೆಯನ್ನು ನಾಲ್ಕೈದು ನೀರಿನಲ್ಲಿ ತೊಳೆದು, ನೆನೆಸಿಟ್ಟು ಮಾಡಿ. ಒಂದೆಲಗದ ತಂಬುಳಿ, ಬಸಳೆ, ಕೆಸುವಿನ ಸೊಪ್ಪು, ಹುರುಳಿ, ಹೆಸರುಕಾಳು, ಸಣ್ಣ ಮೀನು ಇವೆಲ್ಲ ನಮ್ಮಲ್ಲೇ ಇವೆ. ಹೃದಯ ಸೋತು ಕಾಲು ಊದಿಕೊಳ್ಳುವವರು ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಮೈಯಲ್ಲಿ ನಿಂತ ನೀರು, ಅಂದೇ ಆಸ್ಪತ್ರೆಗೆ ತಿಳಿಸಬೇಕು.

ಎಲೆಅಡಕೆಗೆ ಹೊಗೆಸೊಪ್ಪು ಸೇರಿಸುವವರು, ಬೀಡಿ ಸೇದುವವರು ಕಿವಿಗೊಡಿ. ಹೃದಯಾಘಾತದ ನಂತರ ಧೂಮಪಾನ ಬಿಟ್ಟವರಲ್ಲಿ ಸಾವಿನ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. ಯಾವ ದುಬಾರಿ ಮಾತ್ರೆಗೂ ಕಡಿಮೆಯಿಲ್ಲದ ಲಾಭ.

‘ಇನ್ನು ಕೂತಲ್ಲೇ ಇರಬೇಕು’ ಎಂದು ಮನೆಯವರು ಪ್ರೀತಿಯಿಂದ ಕಟ್ಟಿಹಾಕುತ್ತಾರೆ. ಅದು ಸಲ್ಲದು. ವೈದ್ಯರು ಒಪ್ಪಿದ ಮೇಲೆ ಮೊದಲು ಅಂಗಳದಲ್ಲಿ ಐದು ಹತ್ತು ನಿಮಿಷ, ಆಮೇಲೆ ತೋಟದ ಸಮತಟ್ಟು ದಾರಿ, ಕೆಲವು ವಾರ ಕಳೆದು ಏರು. ನಡೆಯುವಾಗ ಜೊತೆಯವರೊಡನೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಜಡಿಮಳೆಯಲ್ಲಿ ಜಗಲಿಯ ಉದ್ದಕ್ಕೆ ತಿರುಗಿದರೂ ನಡಿಗೆಯೇ. ಗೊಬ್ಬರದ ಬುಟ್ಟಿ ಹೊರುವುದು, ಔಷಧಿ ಹೊಡೆಯುವ ಕೆಲಸ ಯಾವಾಗಿನಿಂದ ಎಂದು ಕೇಳಿಕೊಂಡೇ ಶುರುಮಾಡಿ. ಗಂಡಹೆಂಡಿರ ಸಂಬಂಧವೂ ಮುಗಿಯಿತೆಂದು ತಿಳಿಯಬೇಕಿಲ್ಲ, ಎರಡು ಅಂತಸ್ತಿನ ಮೆಟ್ಟಿಲು ತೊಂದರೆಯಿಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಸಂಕೋಚ ಬಿಟ್ಟು ವೈದ್ಯರನ್ನು ಕೇಳಿ.

ಭಯವೂ ಈ ಕಾಯಿಲೆಯ ಒಂದು ಭಾಗವೇ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತ್ತು. ಹೆದರಿ ಓಡಿದವರಿಗಿಂತ ಬಿಪಿ, ಸಕ್ಕರೆ ವರ್ಷ ವರ್ಷ ನೋಡಿಸಿಕೊಂಡವರಿಗೆ ಅನುಕೂಲ ಹೆಚ್ಚು. ಮನೆಯಲ್ಲಿ ಅಪ್ಪಯ್ಯನಿಗೋ ಅಣ್ಣನಿಗೋ 55ರ ಒಳಗೆ, ಅಮ್ಮನಿಗೋ ಅಕ್ಕನಿಗೋ 65ರ ಒಳಗೆ ಹೃದಯಾಘಾತ ಆಗಿದ್ದರೆ ಉಳಿದವರು ಬೇಗಲೇ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ.

ದುಡ್ಡಿನ ಮಾತು ಒಂದಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. 2003ರಲ್ಲಿ ಶುರುವಾಗಿ ನಡುವೆ ನಿಂತಿದ್ದ ಯಶಸ್ವಿನಿ, ಸಹಕಾರ ಸಂಘದ ಸದಸ್ಯರಿಗಾಗಿ 2022ರಲ್ಲಿ ಮತ್ತೆ ಬಂದಿದೆ. ನೋಂದಣಿಗೆ ಗಡುವು ಇರುತ್ತದೆ, ನಿಮ್ಮ ಸೊಸೈಟಿಯಲ್ಲಿ ವಿಚಾರಿಸಿ ಕಾರ್ಡು ಮಾಡಿಸಿ. ಯಾವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ ಎಂಬುದನ್ನೂ ಆಗಲೇ ಕೇಳಿ, ಮಾತ್ರೆ ಡಬ್ಬಿಯ ಚೀಟಿಯಲ್ಲಿ ಬರೆದಿಡಿ.