ವಯಸ್ಸಾದವರ ಮೆದುಳಿಗೆ ಗಾಂಜಾ ಒಳ್ಳೇದಾ? ಹೆಡ್‌ಲೈನ್ ಹೇಳದ ಲೆಕ್ಕ

 

"ಗಾಂಜಾ ಬಳಸಿದವರ ಮೆದುಳು ವಯಸ್ಸಾದ್ರೂ ದೊಡ್ಡದು, ಚುರುಕು." ಈ ಥರದ ಹೆಡ್‌ಲೈನ್ ನಿಮ್ಮ ಫೋನಿಗೂ ಬಂದಿರಬಹುದು. ಅದು ಪೂರ್ತಿ ಸುಳ್ಳಲ್ಲ. ಆದ್ರೆ ಅರ್ಧ ಲೆಕ್ಕ. ಉಳಿದರ್ಧ ಇವತ್ತು ನೋಡೋಣ.

ಅಮೆರಿಕಾದ ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಡೇಟಾ ತಗೊಂಡ್ರು. 40ರಿಂದ 77 ವರ್ಷದ 26 ಸಾವಿರಕ್ಕೂ ಹೆಚ್ಚು ಜನ. ಬದುಕಿನಲ್ಲಿ ಗಾಂಜಾ ಹೆಚ್ಚು ಬಳಸಿದವರಲ್ಲಿ ಹಿಪ್ಪೊಕ್ಯಾಂಪಸ್, ಅಂದ್ರೆ ನೆನಪಿಗೆ ಬೇಕಾದ ಭಾಗ, ಹಾಗೇ ಇನ್ನೂ ಕೆಲವು ಭಾಗಗಳು ದೊಡ್ಡದಾಗಿ ಕಂಡವು. ಕೆಲವು ಬುದ್ಧಿ ಪರೀಕ್ಷೆಗಳಲ್ಲೂ ಅಂಕ ಜಾಸ್ತಿ ಬಂತು.

ನಾನು ಓದಿದ್ದು ಬಿಕಾಂ. ಅಲ್ಲಿ ಒಂದು ಮಾತು ಹೇಳ್ತಾರೆ: ಬ್ಯಾಲೆನ್ಸ್ ಶೀಟ್ ಅಂದ್ರೆ ಒಂದು ದಿನದ ಫೋಟೋ. ಮಾರ್ಚ್ 31ಕ್ಕೆ ಅಂಗಡಿ ಹೇಗಿದೆ ಅಂತ ಹೇಳುತ್ತೆ. ಹತ್ತು ವರ್ಷದಲ್ಲಿ ವ್ಯಾಪಾರ ಏರಿತಾ ಇಳಿತಾ ಅನ್ನೋದು ಆ ಒಂದು ಹಾಳೆಯಲ್ಲಿ ಸಿಗಲ್ಲ. ಈ ಅಧ್ಯಯನವೂ ಹಾಗೇ, ಒಂದು ಸಲದ ಸ್ಕ್ಯಾನ್. ಮೆದುಳು ಮೊದಲಿಂದಲೇ ಹಾಗಿತ್ತಾ, ಗಾಂಜಾದಿಂದ ಹಾಗಾಯ್ತಾ? ಫೋಟೋ ಹೇಳಲ್ಲ.

ಇನ್ನೊಂದು, ಫೋಟೋಗೆ ನಿಂತವರು ಯಾರು? ಬಯೋಬ್ಯಾಂಕ್ ಪತ್ರ ಕಳಿಸಿದ 100 ಜನರಲ್ಲಿ ಬಂದಿದ್ದು 5-6 ಜನ ಮಾತ್ರ. ಅವರೂ ಸರಾಸರಿಗಿಂತ ಆರೋಗ್ಯವಂತರು, ಅನುಕೂಲಸ್ಥರು. ಮುಚ್ಚಿಹೋದ ಮ್ಯೂಚುವಲ್ ಫಂಡ್‌ಗಳನ್ನ ಬಿಟ್ಟು, ಉಳಿದವುಗಳ ಲಾಭ ಮಾತ್ರ ತೋರಿಸಿದ ಹಾಗೆ.

ಹಾಗಾದ್ರೆ ವರ್ಷಗಟ್ಟಲೆ ಬರೆದ ಲೆಕ್ಕಪುಸ್ತಕ ಇಲ್ವಾ? ಇದೆ. ನ್ಯೂಜಿಲೆಂಡ್‌ನ ಡ್ಯೂನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನ ಇವತ್ತಿಗೂ ಗಮನಿಸ್ತಿದ್ದಾರೆ. 45 ವರ್ಷಕ್ಕೆ ಬಂದಾಗ, ದೀರ್ಘಕಾಲ ಗಾಂಜಾ ಬಳಸಿದವರ ಐಕ್ಯೂ ಬಾಲ್ಯಕ್ಕಿಂತ ಸರಾಸರಿ 5.5 ಅಂಕ ಇಳಿದಿತ್ತು. ಹಿಪ್ಪೊಕ್ಯಾಂಪಸ್ ಚಿಕ್ಕದಿತ್ತು. ಆದ್ರೆ ಡೆನ್ಮಾರ್ಕ್‌ನ 5 ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕದಲ್ಲಿ, ಯಾವತ್ತಾದ್ರೂ ಬಳಸಿದವರ ಇಳಿಕೆ ಸ್ವಲ್ಪ ಕಮ್ಮಿಯೇ ಇತ್ತು. ವ್ಯತ್ಯಾಸ ಗಮನಿಸಿ: ಒಂದು ಕಡೆ ವರ್ಷಾನುಗಟ್ಟಲೆ ಬಿಡದೆ ಬಳಸಿದವರು, ಇನ್ನೊಂದು ಕಡೆ ಒಮ್ಮೆ ರುಚಿ ನೋಡಿದವರೂ ಸೇರಿದ್ದಾರೆ.

ಕೆನಡಾದ ಒಂಟಾರಿಯೋ ಲೆಕ್ಕ 2025ರಲ್ಲಿ ಬಂತು. ಗಾಂಜಾ ಕಾರಣಕ್ಕೆ ಎಮರ್ಜೆನ್ಸಿಗೆ ಬಂದ ಅಥವಾ ಅಡ್ಮಿಟ್ ಆದ 45 ದಾಟಿದವರು. ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದವರಿಗೆ ಹೋಲಿಸಿದ್ರೆ, ಐದು ವರ್ಷದೊಳಗೆ ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ, ಪತ್ತೆಯಾಗುವ ಸಾಧ್ಯತೆ ಇವರಲ್ಲಿ 23% ಜಾಸ್ತಿ. ಗಾಂಜಾವೇ ಕಾರಣ ಅಂತ ಇದೂ ಸಾಬೀತು ಮಾಡಲ್ಲ. ಕಾಯಿಲೆಯ ಶುರುವಿನ ತಳಮಳಕ್ಕೇ ಕೆಲವರು ಗಾಂಜಾ ಹಿಡಿದಿರಬಹುದು.

ಇದೆಲ್ಲ ನಮಗ್ಯಾಕೆ? ಅಮೆರಿಕಾದಲ್ಲಿ 65 ದಾಟಿದವರಲ್ಲಿ ತಿಂಗಳೊಳಗೆ ಗಾಂಜಾ ಬಳಸಿದವರು 2021ರಲ್ಲಿ 4.8% ಇದ್ರು, 2023ಕ್ಕೆ 7% ಆದ್ರು. ಕ್ಯಾಲಿಫೋರ್ನಿಯಾದಲ್ಲಿ ಅಂಗಡೀಲೇ ಸಿಗುತ್ತೆ, ಚಾಕ್ಲೇಟ್ ಥರದ ಗಮ್ಮಿ ರೂಪದಲ್ಲೂ. ಮೊಮ್ಮಗು ನೋಡ್ಕೊಳ್ಳೋಕೆ ಅಂತ ಆರು ತಿಂಗಳು ಅಲ್ಲಿಗೆ ಹೋಗೋ ಅಪ್ಪ ಅಮ್ಮಂದಿರು ನಮ್ಮಲ್ಲೂ ಇದ್ದಾರೆ. ಮಂಡಿ ನೋವು, ನಿದ್ದೆ ಬರಲ್ಲ ಅಂದ್ರೆ "ಇದೊಂದು ತಿನ್ನಿ ಅಮ್ಮ" ಅನ್ನೋದು ಸುಲಭ. ಆದ್ರೆ ಗಮ್ಮಿ ಏರೋಕೆ ಒಂದೆರಡು ಗಂಟೆ ಬೇಕು. ಏನೂ ಆಗ್ಲಿಲ್ಲ ಅಂತ ಇನ್ನೊಂದು ತಿಂದ್ರೆ ಎರಡೂ ಒಟ್ಟಿಗೆ ಏರುತ್ತೆ. ತಲೆಸುತ್ತು, ಗಾಬರಿ, ಬಾತ್‌ರೂಮಲ್ಲಿ ಬೀಳೋದು. ರಕ್ತ ತೆಳುವಾಗೋಕೆ ಕೊಡೋ ವಾರ್ಫರಿನ್ ತಗೊಳ್ತಿದ್ರೆ ರಕ್ತಸ್ರಾವದ ಅಪಾಯವೂ ಹೆಚ್ಚಬಹುದು.

ಅದಕ್ಕೇ ಎರಡು ಮಾತು. ಮನೆಯ ಹಿರಿಯರು ಬಳಸ್ತಿದ್ರೆ ಬೈಬೇಡಿ, ಮುಚ್ಚಿಡಬೇಡಿ. ಮಾತ್ರೆ ಚೀಟಿ ಜೊತೆ ಡಾಕ್ಟರ್‌ಗೆ ಹೇಳಿ. ಬರೋವಾಗ ಬ್ಯಾಗಲ್ಲಿ ತರಬೇಡಿ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಇಟ್ಕೊಳ್ಳೋದೇ ಅಪರಾಧ.

ಆ ಹೆಡ್‌ಲೈನ್ ಮತ್ತೆ ಫ್ಯಾಮಿಲಿ ಗ್ರೂಪಿಗೆ ಬಂದ್ರೆ, ಅದರ ಕೆಳಗೆ ಈ ಎಪಿಸೋಡ್ ಹಾಕಿ. ಮುಂದಿನ ವಾರ ಸಿಗೋಣ.