ಕ್ರಿಸ್‌ಮಸ್ ಖರ್ಚಿಗೆ ವೋಚರ್ ಕ್ಲಬ್: ಕಟ್ಟುವುದು ಜಾಣತನವೇ?



ಹಬ್ಬದ ಖರ್ಚು ಹೇಳದೆ ಕೇಳದೆ ಬರುವ ಖರ್ಚಲ್ಲ. ಯಾವ ತಾರೀಕಿಗೆ ಬರುತ್ತದೆಂಬುದು ಗೊತ್ತು, ಹೆಚ್ಚೂಕಡಿಮೆ ಎಷ್ಟಾಗುತ್ತದೆಂಬುದೂ ಗೊತ್ತು. ಹಾಗಿದ್ದೂ ಕಡಿಮೆ ಆದಾಯದ ಮನೆಗಳಲ್ಲಿ ಸಾಲ ಹುಟ್ಟುವುದು ಬಹಳ ಸಲ ಹಬ್ಬದ ಮುಂದೆಯೇ. ಬ್ರಿಟನ್ನಿನಲ್ಲಿ ಈ ಇಕ್ಕಟ್ಟು ಕ್ರಿಸ್‌ಮಸ್ ಹೊತ್ತಿಗೆ ಬರುತ್ತದೆ. ಮಕ್ಕಳಿಗೆ ಉಡುಗೊರೆ, ಮನೆಮಂದಿಗೆಲ್ಲ ಊಟ, ಚಳಿಗಾಲದ ಹೀಟರಿನ ಬಿಲ್ಲು, ಎಲ್ಲವೂ ಒಂದೇ ತಿಂಗಳಲ್ಲಿ ಎದುರಾಗುತ್ತವೆ. ಅಲ್ಲಿನ ದುಡಿಯುವ ಜನ ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ಒಂದು ವೋಚರ್ ಸೇವಿಂಗ್ಸ್ ಕ್ಲಬ್. ಅದು ನಂಬಿ ಹಣ ಕಟ್ಟಬಹುದಾದ ದಾರಿಯೇ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು, ಈ ಕ್ಲಬ್ಬು ನಡೆಯುವ ಬಗೆ. ವರ್ಷದ ಆರಂಭದಲ್ಲಿ ಕಂಪನಿಯ ಕ್ಯಾಟಲಾಗು ಮನೆಗೆ ಬರುತ್ತದೆ. ಇಷ್ಟು ಮೊತ್ತದ ವೋಚರು ಬೇಕು, ಇಲ್ಲವೇ ತಿಂಡಿತಿನಿಸು ತುಂಬಿದ ಇಂಥ ಬುಟ್ಟಿ ಬೇಕು ಎಂದು ನೀವು ಗುರುತು ಹಾಕುತ್ತೀರಿ. ಆಮೇಲೆ ವಾರವಾರವೂ ಕಂತು. ವಸೂಲಿಗೆ ಬರುವ ಏಜೆಂಟು ಸಾಮಾನ್ಯವಾಗಿ ಅದೇ ಬೀದಿಯ ಹೆಂಗಸು: ನಾದಿನಿಯೋ, ಜೊತೆಗೆ ಕೆಲಸ ಮಾಡುವವಳೋ, ಮಕ್ಕಳನ್ನು ಶಾಲೆಗೆ ಬಿಡುವಾಗ ಸಿಗುವ ಗೆಳತಿಯೋ. ಆಕೆ ಹತ್ತಾರು ಜನರಿಂದ ಹಣ ಪಡೆದು, ಕಾರ್ಡಿನಲ್ಲಿ ಬರೆದುಕೊಟ್ಟು, ಕಂಪನಿಗೆ ಕಳಿಸುತ್ತಾಳೆ. ಆಕೆಗೆ ಒಂದಿಷ್ಟು ಕಮಿಷನ್. ಹಬ್ಬ ಹತ್ತಿರವಾದಾಗ, ಕಟ್ಟಿದ ಮೊತ್ತಕ್ಕೆ ಸರಿಯಾಗಿ ವೋಚರುಗಳು ಕೈಗೆ ಬರುತ್ತವೆ. ಗೊತ್ತುಪಡಿಸಿದ ಅಂಗಡಿಗಳಲ್ಲಿ ಅವೇ ದುಡ್ಡು. ಈಗ ಆನ್‌ಲೈನಿನಲ್ಲಿ, ಡೈರೆಕ್ಟ್ ಡೆಬಿಟ್ಟಿನಲ್ಲಿ ಕಟ್ಟುವವರೂ ಇದ್ದಾರೆ. ರೀತಿ ಬದಲಾದರೂ ತಿರುಳು ಅದೇ.

ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಗೂಸ್ ಕ್ಲಬ್‌ಗಳಿದ್ದವು. ಕೂಲಿಕಾರರು ಪಬ್ಬಿನಲ್ಲಿ ವಾರಕ್ಕೆ ಒಂದೆರಡು ಪೆನ್ನಿ ಕಟ್ಟುತ್ತ ಬಂದು ಕ್ರಿಸ್‌ಮಸ್ ಹೊತ್ತಿಗೆ ಒಂದು ಹೆಬ್ಬಾತು ಪಡೆಯುತ್ತಿದ್ದರು. 1892ರಲ್ಲಿ ಅಚ್ಚಾದ ಷರ್ಲಾಕ್ ಹೋಮ್ಸನ ನೀಲಿ ಹರಳಿನ ಕತೆಯಲ್ಲಿ ಇಂಥದೇ ಒಂದು ಕ್ಲಬ್ಬಿನ ಪ್ರಸ್ತಾಪ ಬರುತ್ತದೆ. ಇದಕ್ಕೆ ಎದುರು ದಿಕ್ಕಿನ ವ್ಯವಹಾರವೂ ಅದೇ ಕಾಲದಲ್ಲಿ ಬೆಳೆಯಿತು. 1880ರಲ್ಲಿ ಬ್ರಾಡ್‌ಫರ್ಡಿನಲ್ಲಿ ಶುರುವಾದ ಪ್ರಾವಿಡೆಂಟ್ ಸಂಸ್ಥೆ ಮೊದಲು ವೋಚರು ಕೊಟ್ಟು, ಆಮೇಲೆ ವಾರವಾರ ಕಂತು ವಸೂಲು ಮಾಡುತ್ತಿತ್ತು. ಮನೆಬಾಗಿಲಿಗೆ ಬಂದು ಸಾಲ ಕೊಡುವ ಅದರ ವ್ಯವಹಾರ 2021ರವರೆಗೂ ನಡೆಯಿತು. ಹಬ್ಬದ ಖರ್ಚಿಗೆ ಬಡವರ ಮುಂದೆ ಇದ್ದ ದಾರಿ ಇವೆರಡೇ: ಮುಂಚೆ ಕಟ್ಟಿ ಆಮೇಲೆ ಪಡೆಯುವುದು, ಇಲ್ಲವೇ ಮುಂಚೆ ಪಡೆದು ಆಮೇಲೆ ಬಡ್ಡಿಸಮೇತ ಕಟ್ಟುವುದು.

ಕ್ಲಬ್ಬಿಗೆ ಹಣ ಕಟ್ಟುವವರನ್ನು ಲೆಕ್ಕ ಬಾರದವರು ಎಂದು ಹಗುರವಾಗಿ ಮಾತಾಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ವಾರಕ್ಕೆ 10 ಪೌಂಡಿನಂತೆ 45 ವಾರ ಕಟ್ಟಿದರೆ 450 ಪೌಂಡ್. ಅದೇ ಹಣವನ್ನು ಶೇಕಡಾ 4ರ ಬಡ್ಡಿಯ ಉಳಿತಾಯ ಖಾತೆಗೆ ಹಾಕಿದ್ದರೆ ಎಷ್ಟು ಬಡ್ಡಿ ಬರುತ್ತಿತ್ತು? ಹಣ ಒಮ್ಮೆಲೇ ಇಟ್ಟದ್ದಲ್ಲ, ಸ್ವಲ್ಪಸ್ವಲ್ಪವೇ ಸೇರಿದ್ದು. ಹಾಗಾಗಿ ಬಡ್ಡಿ 8 ಪೌಂಡಿನ ಆಸುಪಾಸು ಮಾತ್ರ. ಈಗ ಎರಡನೆಯ ಲೆಕ್ಕ. ಉಳಿತಾಯ ಮಾಡದೆ ಡಿಸೆಂಬರಿನಲ್ಲಿ ಅದೇ 450 ಪೌಂಡನ್ನು ಸಂಬಳದ ದಿನದವರೆಗಿನ ತುರ್ತು ಸಾಲವಾಗಿ ಪಡೆದರೆ? ಅಂಥ ಸಾಲಕ್ಕೆ 2015ರ ಜನವರಿಯಿಂದ ಬ್ರಿಟನ್ನಿನಲ್ಲಿ ಮಿತಿಯಿದೆ, ದಿನಕ್ಕೆ ಶೇಕಡಾ 0.8. ಆ ಮಿತಿಯೊಳಗೇ 30 ದಿನಕ್ಕೆ 108 ಪೌಂಡ್ ಬಡ್ಡಿ ತೆರಬೇಕಾಗಬಹುದು. 108 ಪೌಂಡ್ ಉಳಿಸಲು 8 ಪೌಂಡ್ ಬಿಟ್ಟುಕೊಡುವ ತಾಯಿಗೆ ಲೆಕ್ಕ ಚೆನ್ನಾಗಿಯೇ ಬರುತ್ತದೆ.

ಆಕೆಗೆ ಗೊತ್ತಿರುವ ಇನ್ನೊಂದು ಸಂಗತಿಯಿದೆ. ಕೈಗೆ ಸಿಗುವ ಹಣ ನಿಲ್ಲುವುದಿಲ್ಲ. ಖಾತೆಯಲ್ಲಿ 200 ಪೌಂಡ್ ಇದ್ದಾಗ ಮಗನ ಶೂ ಹರಿದರೆ, ವಾಷಿಂಗ್ ಮೆಷಿನ್ ಕೆಟ್ಟರೆ, ಆ ಹಣ ಅಲ್ಲಿಗೆ ಹೋಗುತ್ತದೆ. ಕ್ಲಬ್ಬಿಗೆ ಕಟ್ಟಿದ ಹಣವನ್ನು ನಡುವೆ ಮುಟ್ಟುವಂತಿಲ್ಲ. ಹೊರಗಿನವರಿಗೆ ದೋಷವಾಗಿ ಕಾಣುವ ಈ ಬೀಗವೇ ಆಕೆಗೆ ಬೇಕಾದ ಸವಲತ್ತು. ಪಕ್ಕದ ಮನೆಯವಳೇ ಬಂದು ಕೇಳುವುದರಿಂದ ಕಂತು ತಪ್ಪಿಸಲು ಮನಸ್ಸೂ ಬರುವುದಿಲ್ಲ.

ಹಾಗಾದರೆ ಇದರಲ್ಲಿ ತೊಂದರೆ ಏನು? ಬಡ್ಡಿ ಇಲ್ಲದಿರುವುದು ದೊಡ್ಡ ತೊಂದರೆಯಲ್ಲ. ಕಟ್ಟಿದ ಹಣ ವರ್ಷವಿಡೀ ಯಾರ ಕೈಯಲ್ಲಿರುತ್ತದೆ ಎಂಬುದೇ ನಿಜವಾದ ಪ್ರಶ್ನೆ. 2006ರಲ್ಲಿ ಈ ಪ್ರಶ್ನೆಗೆ ಬ್ರಿಟನ್ ಬಹಳ ಕಹಿಯಾದ ಉತ್ತರ ಕಂಡಿತು.

ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ಫೇರ್‌ಪ್ಯಾಕ್ ಎಂಬ ಕಂಪನಿಯಿತ್ತು. ಕ್ರಿಸ್‌ಮಸ್ ಬುಟ್ಟಿ ಮತ್ತು ವೋಚರುಗಳ ವ್ಯವಹಾರದಲ್ಲಿ ಹೆಸರು ಮಾಡಿದ ಸಂಸ್ಥೆ. ಅದರ ಒಡೆತನ ಯುರೋಪಿಯನ್ ಹೋಮ್ ರಿಟೇಲ್ ಎಂಬ ದೊಡ್ಡ ಕಂಪನಿಯದು. ಆ ಸಮೂಹದ ಹಣಕಾಸು ಹದಗೆಟ್ಟಿತ್ತು, ಅದಕ್ಕೆ ಸಾಲ ಕೊಟ್ಟಿದ್ದು ಎಚ್‌ಬಿಒಎಸ್ ಬ್ಯಾಂಕು. ಬಡವರ ಮನೆಗಳಿಂದ ಬಂದ ವಾರದ ಕಂತುಗಳಿಗೆ ಪ್ರತ್ಯೇಕ ಖಾತೆಯಿರಲಿಲ್ಲ. ಅವು ಸಮೂಹದ ಒಟ್ಟು ಹಣದಲ್ಲಿ ಬೆರೆತುಹೋಗುತ್ತಿದ್ದವು. 2006ರ ಅಕ್ಟೋಬರ್ 13ರಂದು, ಹಬ್ಬಕ್ಕೆ ಹತ್ತು ವಾರ ಉಳಿದಿರುವಾಗ, ವರ್ಷದ ಕಂತುಗಳೆಲ್ಲ ಬಹುಮಟ್ಟಿಗೆ ಕಟ್ಟಿ ಮುಗಿದಿರುವಾಗ, ಕಂಪನಿ ಮುಳುಗಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಸುಮಾರು 3.7 ಕೋಟಿ ಪೌಂಡ್ ಅದರೊಂದಿಗೆ ಹೋಯಿತು.

ದಿವಾಳಿಯ ಕಾನೂನಿನಲ್ಲಿ ಒಂದು ಸರದಿಯಿರುತ್ತದೆ. ಆಸ್ತಿಯ ಆಧಾರವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು ಮುಂದೆ ನಿಲ್ಲುತ್ತದೆ. ಯಾವ ಆಧಾರವೂ ಇಲ್ಲದೆ, ನಂಬಿಕೆಯ ಮೇಲೆ ಹಣ ಕೊಟ್ಟವರು ಕೊನೆಯಲ್ಲಿ. ಫೇರ್‌ಪ್ಯಾಕಿಗೆ ಕಟ್ಟಿದವರು ನಿಂತದ್ದು ಆ ಕೊನೆಯಲ್ಲಿ. ತಾವು ಉಳಿತಾಯ ಮಾಡುತ್ತಿದ್ದೇವೆಂದು ಅವರು ತಿಳಿದಿದ್ದರು. ಕಾನೂನಿನ ಕಣ್ಣಿಗೆ ಅವರು ಮಾಡಿದ್ದು ಉಳಿತಾಯವಲ್ಲ, ಒಂದು ಕಂಪನಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಸರ್ಕಾರ ಏರ್ಪಡಿಸಿದ ಪರಿಹಾರ ಯೋಜನೆಯಿದೆ. ವೋಚರ್ ಕ್ಲಬ್ಬಿನವರು ಠೇವಣಿದಾರರಲ್ಲವಾದ್ದರಿಂದ ಆ ಪರಿಹಾರವೂ ಅವರಿಗೆ ಸಿಗಲಿಲ್ಲ.

ಇಲ್ಲಿ ಏಜೆಂಟರ ಪಾಡನ್ನೂ ನೆನೆಯಬೇಕು. ಕಂಪನಿಯ ನಿರ್ದೇಶಕರು ಯಾರೆಂದು ಹಣ ಕಟ್ಟಿದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ವಾರವಾರ ಬಾಗಿಲಿಗೆ ಬರುತ್ತಿದ್ದ ಹೆಂಗಸು. ತನ್ನ ಹಣವನ್ನೂ ಕಳೆದುಕೊಂಡು, ಅಕ್ಕಪಕ್ಕದವರ ಮುಖ ನೋಡಲು ಹಿಂಜರಿಯುವ ಸ್ಥಿತಿ ಅಂಥವರಿಗೆ ಬಂತು. ಆ ಚಳಿಗಾಲದಲ್ಲಿ ಸಾರ್ವಜನಿಕರೂ ಅಂಗಡಿಗಳೂ ನಿಧಿ ಕೂಡಿಸಿ ನೊಂದವರಿಗೆ ಒಂದಿಷ್ಟು ವೋಚರು ಹಂಚಿದರು. ಕಳೆದುಕೊಂಡದ್ದರ ಮುಂದೆ ಅದು ಅಲ್ಪ. 2012ರಲ್ಲಿ ನಿರ್ದೇಶಕರ ವಿರುದ್ಧ ಸರ್ಕಾರ ಹೂಡಿದ್ದ ಮೊಕದ್ದಮೆ ಕುಸಿದುಬಿತ್ತು. ನ್ಯಾಯಾಧೀಶ ಪೀಟರ್ ಸ್ಮಿತ್ ಅವರು ಸಾಲ ಕೊಟ್ಟಿದ್ದ ಬ್ಯಾಂಕಿನ ಕಠಿಣ ನಿಲುವನ್ನು ಟೀಕಿಸಿದರು. ಎಚ್‌ಬಿಒಎಸ್ ಅನ್ನು ಆ ವೇಳೆಗೆ ಕೊಂಡಿದ್ದ ಲಾಯ್ಡ್ಸ್ ಬ್ಯಾಂಕು 80 ಲಕ್ಷ ಪೌಂಡ್ ಕೊಡಲು ಮುಂದೆ ಬಂತು. ಎಲ್ಲ ಸೇರಿ ಜನರಿಗೆ ವಾಪಸಾದದ್ದು ಹೆಚ್ಚೂಕಡಿಮೆ ಅರ್ಧ ಹಣ, ಅದೂ ಆರು ವರ್ಷದ ಮೇಲೆ. 2006ರ ಕ್ರಿಸ್‌ಮಸ್ಸಿಗೆಂದು ಕೂಡಿಟ್ಟವರ ಮಕ್ಕಳು ಅಷ್ಟರಲ್ಲಿ ಬೆಳೆದು ನಿಂತಿದ್ದರು.

ಈ ಆಘಾತದ ಮೇಲೆ ಸುಧಾರಣೆಯಾಯಿತು ಎಂಬುದನ್ನೂ ಹೇಳಬೇಕು. 2007ರಲ್ಲಿ ಈ ವ್ಯವಹಾರದ ಕಂಪನಿಗಳು ಸೇರಿ ಕ್ರಿಸ್‌ಮಸ್ ಪ್ರೀಪೇಮೆಂಟ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡವು. ಗ್ರಾಹಕರ ಹಣವನ್ನು ಕಂಪನಿಯ ಹಣದೊಂದಿಗೆ ಬೆರೆಸದೆ ಟ್ರಸ್ಟ್ ಖಾತೆಯಲ್ಲಿ ಇಡಬೇಕೆಂಬುದು ಅದರ ಮುಖ್ಯ ನಿಯಮ. ಬರ್ಕೆನ್‌ಹೆಡ್ ಊರಿನಲ್ಲಿ 1967ರಲ್ಲಿ ಆರಂಭವಾದ ಪಾರ್ಕ್ ಎಂಬ ದೊಡ್ಡ ಸಂಸ್ಥೆ ಹೀಗೆಯೇ ನಡೆದುಬಂದಿದೆ. 2023ರಿಂದ ಅದು ಪೇಪಾಯಿಂಟ್ ಕಂಪನಿಯ ಒಡೆತನದಲ್ಲಿದೆ. ಟ್ರಸ್ಟ್ ಖಾತೆ ಒಳ್ಳೆಯ ರಕ್ಷಣೆ. ಆದರೆ ಅದು ಆಗ ಸಂಘದ ನಿಯಮವಷ್ಟೇ ಆಗಿತ್ತು, ದೇಶದ ಕಾನೂನಾಗಿರಲಿಲ್ಲ. ಅದಕ್ಕೇ ಇಂಗ್ಲೆಂಡ್ ಮತ್ತು ವೇಲ್ಸಿನ ಕಾನೂನು ಆಯೋಗ 2016ರ ವರದಿಯಲ್ಲಿ ಕ್ರಿಸ್‌ಮಸ್ ಉಳಿತಾಯ ಯೋಜನೆಗಳನ್ನು ಕಾನೂನಿನ ಹಿಡಿತಕ್ಕೆ ತರಬೇಕೆಂದು ಶಿಫಾರಸು ಮಾಡಿತು.

ಸೂಪರ್‌ಮಾರ್ಕೆಟ್ಟುಗಳೂ ತಮ್ಮದೇ ಉಳಿತಾಯ ಕಾರ್ಡು ನಡೆಸುತ್ತವೆ. ಐಸ್‌ಲ್ಯಾಂಡ್ ಎಂಬ ಅಂಗಡಿ ಸರಣಿ 20 ಪೌಂಡ್ ತುಂಬಿದವರಿಗೆ 1 ಪೌಂಡ್ ಸೇರಿಸಿ ಕೊಡುತ್ತ ಬಂದಿದೆ. ಅಂದರೆ ಶೇಕಡಾ 5. ಹೇಗಿದ್ದರೂ ಅಲ್ಲೇ ದಿನಸಿ ಕೊಳ್ಳುವವರಿಗೆ ಇದು ಬ್ಯಾಂಕಿನ ಬಡ್ಡಿಗಿಂತ ಲಾಭ. ಆದರೆ ಹಣ ಅಂಗಡಿಯ ಕೈಯಲ್ಲಿರುತ್ತದೆ, ಮತ್ತು ದೊಡ್ಡ ಅಂಗಡಿಗಳೂ ಮುಚ್ಚುತ್ತವೆ. ಊರೂರಿನಲ್ಲೂ ಇದ್ದ ವುಲ್‌ವರ್ತ್ಸ್ 2008ರ ನವೆಂಬರಿನಲ್ಲಿ ಕುಸಿದು, 2009ರ ಜನವರಿಯೊಳಗೆ ಎಲ್ಲ ಮಳಿಗೆಗಳ ಬಾಗಿಲು ಹಾಕಿತು. ಸಂಗೀತದ ಅಂಗಡಿ ಎಚ್‌ಎಂವಿ 2013ರ ಜನವರಿಯಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋದಾಗ, ಕ್ರಿಸ್‌ಮಸ್ ಉಡುಗೊರೆಯಾಗಿ ಬಂದ ವೋಚರುಗಳನ್ನು ಕೆಲವು ದಿನ ತೆಗೆದುಕೊಳ್ಳಲೇ ಇಲ್ಲ.

ವೋಚರಿಗೆ ಸಣ್ಣಪುಟ್ಟ ತೊಡಕುಗಳೂ ಉಂಟು. ಅದನ್ನು ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಬೇಕು. ಬೇರೆ ಕಡೆ ಅದೇ ಆಟಿಕೆ ಅಗ್ಗಕ್ಕೆ ಸಿಕ್ಕರೂ ಉಪಯೋಗವಿಲ್ಲ. ಎಷ್ಟೋ ಕಡೆ ಚಿಲ್ಲರೆ ವಾಪಸು ಕೊಡುವುದಿಲ್ಲ. ಅವಧಿ ಮೀರಿದರೆ ಚಲಾವಣೆಯಾಗದು. ನಡುವೆ ನಿಲ್ಲಿಸಿದರೆ ಶುಲ್ಕ ಹಿಡಿಯುವ ಕ್ಲಬ್ಬುಗಳಿವೆ. ಬುಟ್ಟಿಯನ್ನು ಆರಿಸುವವರಂತೂ ಅದರಲ್ಲಿರುವ ಒಂದೊಂದು ಪದಾರ್ಥಕ್ಕೂ ಅಂಗಡಿಯ ಬೆಲೆ ಬರೆದು ಕೂಡಿಸಿ ನೋಡಬೇಕು.

ಹಾಗಾದರೆ ಬೀಗವೂ ಇರಬೇಕು, ಹಣವೂ ಭದ್ರವಾಗಿರಬೇಕು. ಅಂಥ ಜಾಗ ಇದೆಯೇ? ಇದೆ. ಬ್ರಿಟನ್ನಿನ ಕ್ರೆಡಿಟ್ ಯೂನಿಯನ್ನುಗಳು ಸದಸ್ಯರೇ ಒಡೆಯರಾಗಿರುವ ಪತ್ತಿನ ಸಹಕಾರ ಸಂಘಗಳು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಪರಂಪರೆ ಬಲ್ಲ ನಮಗೆ ಆ ತತ್ವ ಹೊಸದಲ್ಲ. ಬ್ರಿಟನ್ನಿನ ಆ ಯೂನಿಯನ್ನುಗಳಲ್ಲಿ ಅನೇಕವು ಕ್ರಿಸ್‌ಮಸ್ ಖಾತೆ ಇಟ್ಟಿವೆ. ವಾರಕ್ಕೆ ಒಂದೆರಡು ಪೌಂಡಾದರೂ ಕಟ್ಟಬಹುದು, ನವೆಂಬರಿನವರೆಗೆ ತೆಗೆಯುವಂತಿಲ್ಲ. ಸಂಘ ಮುಳುಗಿದರೂ ಬ್ಯಾಂಕಿನ ಠೇವಣಿಗಿರುವ ಪರಿಹಾರ ಯೋಜನೆಯೇ ಇದಕ್ಕೂ ಅನ್ವಯ. ಬಂದ ಹಣ ನಗದಾದ್ದರಿಂದ ಯಾವ ಅಂಗಡಿಗಾದರೂ ಹೋಗಬಹುದು.

ನಮ್ಮಲ್ಲೂ ಹಬ್ಬದ ಚೀಟಿಗಳಿವೆ. ಯುಗಾದಿ ಚೀಟಿ, ಪಟಾಕಿ ಚೀಟಿ, ಒಡವೆ ಅಂಗಡಿಯ 11 ತಿಂಗಳ ಕಂತು, ಎಲ್ಲವೂ ಇದೇ ಜಾತಿಯವು. ಇವುಗಳಿಗೂ ಅದೇ ಪ್ರಶ್ನೆ ಕೇಳಿ: ಹಣ ಯಾರ ಕೈಯಲ್ಲಿದೆ, ಅವರು ಮುಳುಗಿದರೆ ನನ್ನ ಸರದಿ ಎಲ್ಲಿ? ಬೀದಿಯಲ್ಲಿ ಬಾಯಿಮಾತಿನ ಮೇಲೆ ನಡೆಯುವ ಚೀಟಿಗೆ ನೋಂದಣಿಯಿಲ್ಲ, 1982ರ ಚೀಟಿ ನಿಧಿ ಕಾಯ್ದೆಯ ಕಟ್ಟುಪಾಡು ಇಲ್ಲ. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಅದಕ್ಕೆ ಸರ್ಕಾರದ ಖಾತರಿಯಿದೆ. ಬ್ಯಾಂಕಿನ ಆರ್‌ಡಿ ಹಬ್ಬದ ತಿಂಗಳಿಗೆ ಮುಗಿಯುವಂತೆ ಇಡಬಹುದು. 5 ಲಕ್ಷ ರೂಪಾಯಿಯವರೆಗಿನ ಠೇವಣಿಗೆ ವಿಮೆಯಿದೆ.

ಕೊನೆಗೆ ನನ್ನ ಅಭಿಪ್ರಾಯ. ಹಬ್ಬಕ್ಕೆ ವರ್ಷವಿಡೀ ಸ್ವಲ್ಪಸ್ವಲ್ಪ ತೆಗೆದಿಡುವುದು ಖಂಡಿತ ಜಾಣತನ. ಸಾಲ ಮಾಡಿ ಹಬ್ಬ ಮಾಡುವುದಕ್ಕಿಂತ ವೋಚರ್ ಕ್ಲಬ್ಬೂ ಎಷ್ಟೋ ಮೇಲು. ಆದರೆ ಅದು ಎರಡನೆಯ ಆಯ್ಕೆಯಾಗಲಿ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡದ ಕುಟುಂಬಗಳಿಗೂ ಇದೇ ಮಾತು: ಮೊದಲು ಹತ್ತಿರದ ಕ್ರೆಡಿಟ್ ಯೂನಿಯನ್ನಿನಲ್ಲಿ, ಇಲ್ಲವೇ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಕ್ಲಬ್ಬಿಗೇ ಸೇರುವುದಾದರೆ ಟ್ರಸ್ಟ್ ಖಾತೆ ಇದೆಯೇ, ನಡುವೆ ಬಿಟ್ಟರೆ ಎಷ್ಟು ಹಿಡಿಯುತ್ತಾರೆ, ವೋಚರು ಎಲ್ಲೆಲ್ಲಿ, ಎಲ್ಲಿಯವರೆಗೆ ನಡೆಯುತ್ತದೆ ಎಂದು ಬರಹದಲ್ಲಿ ನೋಡಿಕೊಳ್ಳಿ. ವೋಚರು ಕೈಗೆ ಬಂದಮೇಲೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳದೆ ಬೇಗ ಬಳಸಿ. ಮೊದಲ ಕಂತು ಕೊಡುವ ಮುಂಚೆಯೇ ಇಷ್ಟನ್ನೂ ಕೇಳಿ. ತೃಪ್ತಿಯಾಗುವ ಉತ್ತರ ಬರದಿದ್ದರೆ, ಕೇಳಲು ಬಂದವರು ಎಷ್ಟೇ ಆಪ್ತರಾಗಿದ್ದರೂ, ಹಣ ಕೊಡಬೇಡಿ.