ಎರಡು ಸಲ ಒಂಟಿಯಾಗಿ ನಿಂತ ಕ್ಷೇತ್ರ

(ಸುವರ್ಣ ಮಹೋತ್ಸವದ ಎರಡನೆಯ ದಿನದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ನಮ್ಮ ಲೋಕಸಭಾ ಕ್ಷೇತ್ರ ನಡೆದು ಬಂದ ದಾರಿ’. ನಾನು ರಾಜಕಾರಣಿಯಲ್ಲ. ಈ ಶಾಲೆಯಲ್ಲಿ ಕಲಿತು, ಮುಂದೆ ಶಿಕ್ಷಕನಾಗಿ ಹಲವು ಚುನಾವಣೆಗಳಲ್ಲಿ ಮತಗಟ್ಟೆ ಕೆಲಸ ಮಾಡಿದವನು. ಶಾಲೆ ಶುರುವಾದ ಮೇಲೆ, 1977ರಿಂದ 2024ರವರೆಗೆ, 13 ಲೋಕಸಭಾ ಚುನಾವಣೆಗಳು ನಡೆದಿವೆ. ಒಂದೊಂದನ್ನೂ ಹೇಳುತ್ತ ಹೋದರೆ ಊಟದ ಹೊತ್ತು ಮೀರುತ್ತದೆ. ಆದ್ದರಿಂದ ಮುಖ್ಯವಾದವನ್ನಷ್ಟೇ ಹೇಳುತ್ತೇನೆ.

1952ರ ಮೊದಲ ಚುನಾವಣೆಯಲ್ಲಿ ನಮ್ಮ ಭಾಗ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಕ್ಷೇತ್ರದ ಹೆಸರು ಕೊಪ್ಪಳವಲ್ಲ, ಕುಷ್ಟಗಿ. ನಿಜಾಮನ ಆಳ್ವಿಕೆ ಕೊನೆಗೊಂಡು ನಾಲ್ಕು ವರ್ಷವೂ ತುಂಬಿರಲಿಲ್ಲ. ಆಗ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಅಕ್ಷರ ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕುತ್ತಿದ್ದರು. ಜನ ಆರಿಸಿದ್ದು ಯಾವ ಪಕ್ಷವನ್ನೂ ಅಲ್ಲ. ಮುಂಡರಗಿ ಶಿಬಿರದ ಮುಂದಾಳಾಗಿ ಹೈದರಾಬಾದ್ ವಿಮೋಚನೆಗೆ ಹೋರಾಡಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳನ್ನು, ಪಕ್ಷೇತರರಾಗಿ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1957ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿನದಾಯಿತು. ಇನ್ನು 1962ಕ್ಕೆ ಬರೋಣ. ಮಕ್ಕಳು ಇದನ್ನು ಬರೆದಿಟ್ಟುಕೊಳ್ಳಬೇಕು. ಮೈಸೂರು ರಾಜ್ಯದಲ್ಲಿ ಆಗ ಲೋಕಸಭೆಗೆ 26 ಸ್ಥಾನಗಳು. 25 ಕಾಂಗ್ರೆಸ್ಸಿಗೆ ಹೋದವು. ಉಳಿದ ಒಂದು ಕೊಪ್ಪಳ. ಅಲ್ಲಿ ಗೆದ್ದವರು ಲೋಕ ಸೇವಕ ಸಂಘದಿಂದ ನಿಂತ ಅದೇ ಶಿವಮೂರ್ತಿ ಸ್ವಾಮಿಗಳು.

ಒಂದು ಸಲವಾದರೆ ಅಕಸ್ಮಾತ್ ಎನ್ನಬಹುದಿತ್ತು. 1989ರಲ್ಲಿ ಮತ್ತೆ ಹಾಗೆಯೇ ಆಯಿತು. ಹದಿನೆಂಟು ವರ್ಷದವರಿಗೆ ಮತದಾನದ ಹಕ್ಕು ಬಂದ ಮೊದಲ ಲೋಕಸಭಾ ಚುನಾವಣೆ ಅದು. ಕರ್ನಾಟಕದ 28ರಲ್ಲಿ 27 ಸ್ಥಾನ ಕಾಂಗ್ರೆಸ್ಸಿಗೆ. ಜನತಾದಳಕ್ಕೆ ಸಿಕ್ಕ ಒಂದೇ ಒಂದು ಸ್ಥಾನ ಕೊಪ್ಪಳ. ಗೆದ್ದವರು ಬಸವರಾಜ ಪಾಟೀಲ ಅನ್ವರಿ. ಗಾಳಿ ಬೀಸಿದ ಕಡೆ ತೂರಿಕೊಳ್ಳುವ ಜನ ನಾವಲ್ಲ ಎಂಬುದಕ್ಕೆ ಇವೆರಡು ಸಾಕ್ಷಿ. ಯಾರಿಗೆ ಹಾಕಿದರು ಎಂಬುದಕ್ಕಿಂತ, ತಮ್ಮಷ್ಟಕ್ಕೆ ತಾವು ಯೋಚಿಸಿ ಹಾಕಿದರು ಎಂಬುದು ದೊಡ್ಡದು.

ಹಾಗೆಂದು ನಾವು ಯಾವಾಗಲೂ ಒಂಟಿಯಾಗಿ ನಿಂತವರಲ್ಲ. ಗಂಗಾವತಿಯ ಎಚ್.ಜಿ. ರಾಮುಲು ಅವರನ್ನು 1980, 1984, 1998, 1999ರಲ್ಲಿ ಕಾಂಗ್ರೆಸ್ಸಿನಿಂದ ನಾಲ್ಕು ಸಲ ಕಳಿಸಿದೆವು. 1996ರಲ್ಲಿ ಜನತಾದಳದ ಬಸವರಾಜ ರಾಯರೆಡ್ಡಿ, 2004ರಲ್ಲಿ ಕಾಂಗ್ರೆಸ್ಸಿನ ಕೆ. ವಿರೂಪಾಕ್ಷಪ್ಪ, 2009ರಲ್ಲಿ ಬಿಜೆಪಿಯ ಶಿವರಾಮಗೌಡ, 2014 ಮತ್ತು 2019ರಲ್ಲಿ ಅದೇ ಪಕ್ಷದ ಕರಡಿ ಸಂಗಣ್ಣ. 2019ರಲ್ಲಿ ಸೋತಿದ್ದ ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳ 2024ರಲ್ಲಿ ಗೆದ್ದರು. ಯಾರಿಗೂ ಇಲ್ಲಿ ಕಾಯಂ ಪಟ್ಟವಿಲ್ಲ.

ಈಗ ಕಷ್ಟದ ಮಾತು. ಒಮ್ಮೆ ಕುಷ್ಟಗಿ ತಾಲ್ಲೂಕಿನ ಮತಗಟ್ಟೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುತ್ತ ಕೇಳಿದರು: “ಠಸ್ಸೆ ಒತ್ತಾವ್ರು ನಾವು, ಕಾಲುವಿ ಹೋಗೂದು ಬ್ಯಾರೆ ಕಡೆ. ಯಾಕ್ರೀ ಮಾಸ್ತರ?” ಅಲ್ಲಿ ನಾನು ಬಾಯಿ ಬಿಡುವಂತಿರಲಿಲ್ಲ. ಇವತ್ತು ಬಿಡಬಹುದು.

ನಮ್ಮದು ಒಂದೇ ಕ್ಷೇತ್ರವಾದರೂ ನೆಲ ಎರಡು ಬಗೆ. ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಜೊತೆಗೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು. ಗಂಗಾವತಿ, ಸಿಂಧನೂರಿನ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ, ಭತ್ತದ ಗದ್ದೆ. ನಮ್ಮ ಯಲಬುರ್ಗಾ, ಕುಷ್ಟಗಿ ಎತ್ತರದ ಒಣಭೂಮಿ. ಮಳೆ ಕೈಕೊಟ್ಟರೆ ಗುಳೆ. ಅಣೆಕಟ್ಟಿನ ಕಾಲುವೆ ಇಳಿಜಾರಿಗೆ ಹರಿಯುತ್ತದೆ, ದಿಣ್ಣೆ ಹತ್ತುವುದಿಲ್ಲ. ನಮಗೆ ನೀರು ಬರಬೇಕಾದರೆ ಕೃಷ್ಣೆಯಿಂದ ಎತ್ತಿ ತರಬೇಕು. ಆ ಏತ ನೀರಾವರಿಯ ಮಾತನ್ನು ಚುನಾವಣೆ ಬಂದಾಗಲೆಲ್ಲ ಕೇಳುತ್ತಿದ್ದೇವೆ. ಒಂದು ದಿನದ ಠಸ್ಸೆಯಿಂದ ಅಂಥ ಕೆಲಸ ಮುಗಿಯುವುದಿಲ್ಲ, ತಾಯಿ.

ಹಾಗಾದರೆ ಹೇಗೆ ಮುಗಿಯುತ್ತದೆ? ರೈಲಿನ ಕಥೆ ನೋಡಿ. ಮುನಿರಾಬಾದ್–ಮೆಹಬೂಬನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಈ ನಡುವೆ ರಾಯರೆಡ್ಡಿ, ರಾಮುಲು, ವಿರೂಪಾಕ್ಷಪ್ಪ, ಶಿವರಾಮಗೌಡ, ಸಂಗಣ್ಣ ಎಂದು ಐವರು ಸಂಸದರು, ಮೂರು ಪಕ್ಷಗಳು. ಗದಗ–ವಾಡಿ ಮಾರ್ಗದಲ್ಲಿ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಇಂಥ ಕೆಲಸ ಒಬ್ಬರ ಅವಧಿಯಲ್ಲಿ ಶುರುವಾಗಿ ಇನ್ನೊಬ್ಬರ ಅವಧಿಯಲ್ಲಿ ಮುಗಿಯುತ್ತದೆ. ಸಂಸದರು ಬದಲಾಗಲಿ, ಪಕ್ಷ ಬದಲಾಗಲಿ, ಜನರ ಬೇಡಿಕೆ ಬದಲಾಗಬಾರದು. ಮತ ಹಾಕುವಾಗ ಸ್ವತಂತ್ರ ಬುದ್ಧಿ ತೋರಿದ ನಾವು, ಹಾಕಿದ ಮೇಲೆ ನೆನಪಿಟ್ಟುಕೊಂಡು ಕೇಳುವುದರಲ್ಲಿ ಹಿಂದೆ ಬಿದ್ದಿದ್ದೇವೆ.

ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ. 1952ರಿಂದ ಇವತ್ತಿನವರೆಗೆ ಈ ಕ್ಷೇತ್ರದಿಂದ ಒಬ್ಬ ಮಹಿಳೆಯೂ ಲೋಕಸಭೆಗೆ ಹೋಗಿಲ್ಲ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಮೀಸಲಿಡುವ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಮುಂದಿನ ಸಾಲಿನಲ್ಲಿ ಕುಳಿತ ನಿಮ್ಮಲ್ಲಿ ಒಬ್ಬರಾದರೂ ಆ ದಾರಿಯ ಬಗ್ಗೆ ಈಗಿನಿಂದಲೇ ಯೋಚಿಸಬೇಕು.

ಶಾಲೆಗೆ ನನ್ನದೊಂದು ಕೋರಿಕೆ. ಗ್ರಂಥಾಲಯದಲ್ಲಿ ಒಂದು ರಿಜಿಸ್ಟರ್ ಇಡಿ. ಚುನಾವಣೆಯಲ್ಲಿ ಊರಿಗೆ ಬಂದ ಪ್ರತಿ ಅಭ್ಯರ್ಥಿ ಕೊಟ್ಟ ಮಾತನ್ನು, ಯಾವ ಪಕ್ಷವೆಂದು ನೋಡದೆ, ತಾರೀಖಿನೊಂದಿಗೆ ಮಕ್ಕಳೇ ಬರೆಯಲಿ. ಪ್ರತಿ ವರ್ಷ ಜನವರಿ 25ರ ಮತದಾರರ ದಿನದಂದು ಊರಿನ ಮುಂದೆ ಅದನ್ನು ಓದಲಿ. ಆಗಿದ್ದಕ್ಕೆ ಚಪ್ಪಾಳೆ ತಟ್ಟೋಣ, ಆಗದ್ದಕ್ಕೆ ಅರ್ಜಿ ಬರೆಯೋಣ. ಮೊದಲ ರಿಜಿಸ್ಟರನ್ನು ನಾನು ತಂದು ಮುಖ್ಯಗುರುಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಅದರ ಮೊದಲ ಪುಟದಲ್ಲಿ ಎರಡು ಇಸವಿಗಳನ್ನಷ್ಟೇ ಬರೆದಿದ್ದೇನೆ: 1962, 1989. ಉಳಿದ ಪುಟ ನಿಮ್ಮದು.